ಎಡ್ವಿನ್ ಮಾಸ್ಟ್ರ ಸ್ವರ

ಕಾಪುವಿನ ಎಡ್ವಿನ್ ಮಾಸ್ಟ್ರಿಗೆ ತಾನಿನ್ನೂ ಪೂರ್ತಿ ಹಾಳಾಗಿಲ್ಲ ಎಂಬುದಕ್ಕೆ ಉಳಿದಿದ್ದದ್ದು ಒಂದೇ ಸಾಕ್ಷಿ, ಅವರ ಬ್ಯಾಂಡು. ಹೆಂಡತಿ ಮೇಬಲ್ ತೀರಿಕೊಂಡು ಐದು ತಿಂಗಳಾಗಿತ್ತು. ಅವಳ ಶವಯಾತ್ರೆಯಲ್ಲೂ ಮುಂದೆ ನಿಂತು ಟ್ರಂಪೆಟ್ ಊದಿದವರು ಮಾಸ್ಟ್ರೇ. ಊರಿಗೆ ಇದ್ದದ್ದು ಒಂದು ಬ್ಯಾಂಡು, ಬೇರೆ ಯಾರನ್ನು ಕರೆಯುವುದು? ಆಮೇಲೆ ನಿದ್ದೆ ಹೋಯಿತು, ಊಟ ಸೇರದಾಯಿತು. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳಲಿಕ್ಕೇ ಅರ್ಧ ಗಂಟೆ ಬೇಕಾಗುತ್ತಿತ್ತು. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಹರಿಹಾಯುತ್ತಿದ್ದರು. ಕ್ರಮೇಣ ಕೇಳುವವರೂ ಇಲ್ಲವಾದರು.

ಆದರೆ ಬ್ಯಾಂಡು ಸರಿ ಇತ್ತು. ನುಡಿಸುವ ಮೊದಲು ಮಾಸ್ಟ್ರು ಒಂದು ಸ್ವರ ಹಿಡಿಯಬೇಕು, ಊದುವ ಉಳಿದ ಆರು ಮಂದಿ ತಮ್ಮ ವಾದ್ಯಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಇದು ಅವರ ಅಪ್ಪನ ಕಾಲದ ಕ್ರಮ. ಈ ಐದು ತಿಂಗಳಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಬ್ಯಾಂಡ್ ಸರಿ ಉಂಟಲ್ಲ, ಹಾಗಾದರೆ ನಾನೂ ಬದುಕಿದ್ದೇನೆ ಎಂದುಕೊಂಡು ಅವರು ದಿನ ದೂಡುತ್ತಿದ್ದರು.

ಕಾರ್ಕಳದ ಮದುವೆಯಲ್ಲಿ ಅದೂ ಕೈಕೊಟ್ಟಿತು. ಕೊನೆಯ ಗೀತೆಗೆ ಚರ್ಚಿನ ಕೀಬೋರ್ಡಿನ ಜೊತೆ ಬ್ಯಾಂಡೂ ಸೇರಬೇಕೆಂದು ಮದುಮಗಳ ಆಸೆ. ಪೂಜೆಗೆ ಮುಂಚೆ ಒಮ್ಮೆ ನುಡಿಸಿ ನೋಡಿದರು. ಮೊದಲ ಸಾಲಿಗೇ ಕಿವಿ ಮುಚ್ಚಿಕೊಳ್ಳುವಂತಾಯಿತು.

“ಎಂತ ಮಾರಾಯ್ತಿ, ನಿನ್ನ ಕೀಬೋರ್ಡ್ ಹಾಳಾಗಿದೆ,” ಎಂದು ಮಾಸ್ಟ್ರು ರೇಗಿದರು.

“ಇದು ಸರಿಯೇ ಉಂಟು ಸರ್. ಸ್ವರದಲ್ಲಿ ನೀವು ಕೆಳಗಿದ್ದೀರಿ,” ಎಂದಳು ಕೀಬೋರ್ಡಿನ ಹುಡುಗಿ ಶಾರ್ಲೆಟ್.

“ನಾನೊಬ್ಬನೋ?”

“ಅಲ್ಲ ಸರ್, ಎಲ್ಲರೂ. ಒಂದೇ ಸಮ ಕೆಳಗೆ.”

ಮಾಸ್ಟ್ರು ಪಕ್ಕದ ಲಿಗೋರಿಯನ್ನು ಬೈಯಲು ತಿರುಗಿದರು. ಇಪ್ಪತ್ತು ವರ್ಷದಿಂದ ಅವರ ಜೊತೆ ಟ್ರಂಪೆಟ್ ಊದುತ್ತಿರುವವನು ಅವನು. ಬೈಯುವ ಮೊದಲೇ ಅವನ ವಾದ್ಯದ ಬಾಗಿದ ಕೊಳವೆ ಕಣ್ಣಿಗೆ ಬಿತ್ತು. ಅದನ್ನು ಹೊರಗೆ ಎಳೆದರೆ ಸ್ವರ ಇಳಿಯುತ್ತದೆ, ಒಳಗೆ ದೂಡಿದರೆ ಏರುತ್ತದೆ. ಲಿಗೋರಿಯದ್ದು ಎರಡು ಬೆರಳು ಹೊರಗಿತ್ತು. ಮಾಸ್ಟ್ರು ಉಳಿದವರದ್ದನ್ನೂ ನೋಡಿದರು. ಎಲ್ಲರದ್ದೂ ಹಾಗೆಯೇ ಇತ್ತು.

“ಯಾವಾಗಿನಿಂದ?”

“ಮೇಬಲ್ ಅಕ್ಕ ಹೋದಲ್ಲಿಂದ,” ಎಂದ ಲಿಗೋರಿ, ನೆಲ ನೋಡುತ್ತ. “ನಿಮ್ಮ ಉಸಿರು ಸಾಲುತ್ತಿರಲಿಲ್ಲ ಮಾಸ್ಟ್ರೇ. ತಿಂಗಳು ತಿಂಗಳು ಸ್ವಲ್ಪ ಇಳಿಯುತ್ತಾ ಬಂತು. ನಾವೂ ಇಳಿದೆವು.”

“ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ?”

“ಹೇಳುವುದು ಹೇಗೆ? ಮಾತಾಡಿಸಿದರೆ ಮೈಮೇಲೆ ಬೀಳುತ್ತೀರಿ. ಇದೊಂದು ಬಿಟ್ಟರೆ ನಿಮಗೆ ಬೇರೆ ಎಂತ ಉಂಟು?”

ಮಾಸ್ಟ್ರು ಟ್ರಂಪೆಟ್ ಕೆಳಗಿಳಿಸಿದರು. ಹಿಡಿದುಕೊಂಡಿದ್ದ ಆ ಒಂದೇ ಸಾಕ್ಷಿಯೂ ಸುಳ್ಳಾಗಿತ್ತು. ಹೊರಗೆ ಮದುಮಗಳ ಕಾರು ಬಂದು ನಿಂತ ಸದ್ದಾಯಿತು.

“ಎಲ್ಲರೂ ಒಳಗೆ ದೂಡಿ. ಸ್ವರ ನೀನು ಕೊಡು ಲಿಗೋರಿ,” ಎಂದರು.

ಶಾರ್ಲೆಟ್ ಕೀ ಒತ್ತಿದಳು. ಲಿಗೋರಿ ಊದಿದ, ಐದು ಮಂದಿ ಸೇರಿದರು. ಸಲೀಸಾಗಿ ಸೇರಿದರು. ಮಾಸ್ಟ್ರು ತಮ್ಮ ಟ್ರಂಪೆಟ್ ಎತ್ತಿದರು. ಅವರ ಕೊಳವೆ ಮೊದಲೇ ಪೂರ್ತಿ ಒಳಗಿತ್ತು, ದೂಡಲು ಏನೂ ಉಳಿದಿರಲಿಲ್ಲ. ಎದೆ ತುಂಬ ಉಸಿರೆಳೆದು ಊದಿದರು. ಮುಟ್ಟಲಿಲ್ಲ. ಮತ್ತೆ ಊದಿದರು. ಕುತ್ತಿಗೆಯ ನರ ಉಬ್ಬಿತು, ಸ್ವರ ಅಲ್ಲೇ ಕೆಳಗೆ ಒದ್ದಾಡಿತು. ದೇವರೇ, ಒಂದು ಸಲ ಎಂದು ಕಣ್ಣು ಮುಚ್ಚಿ ಮೂರನೆಯ ಸಲ ಊದಿದರು.

ಸೇರಿತು. ಏಳು ಸ್ವರ ಒಂದಾಯಿತು. ಐದು ತಿಂಗಳಲ್ಲಿ ಮೊದಲ ಬಾರಿ ಅವರ ಎದೆ ಹಗುರಾಯಿತು.

ಕಣ್ಣು ತೆರೆದರು. ಶಾರ್ಲೆಟ್ ಕೀಬೋರ್ಡಿನಿಂದ ಕೈ ತೆಗೆದು ತಲೆ ತಗ್ಗಿಸಿ ಕುಳಿತಿದ್ದಳು. ಲಿಗೋರಿಯ ಕೈ ಕೊಳವೆಯ ಮೇಲಿತ್ತು. ಆರೂ ಜನರದ್ದು ಮತ್ತೆ ಎರಡು ಬೆರಳು ಹೊರಗೆ ಬಂದಿತ್ತು.

“ಬೇಡ ಮಾರಾಯ, ನನ್ನ ಜೊತೆ ನೀವು ಇಳಿಯಬೇಡಿ,” ಎಂದು ಮಾಸ್ಟ್ರು ಅಂಗಲಾಚಿದರು.

ಯಾರೂ ಕೊಳವೆ ಒಳಗೆ ದೂಡಲಿಲ್ಲ.