ಡಾಕ್ಟರು ಬರೆದುಕೊಟ್ಟ ಪದ

ಕೊಯ್ಲು ಮುಗಿದಿತ್ತು, ಚಳಿ ಇನ್ನೂ ಸರಿಯಾಗಿ ಕಾಲೂರಿರಲಿಲ್ಲ. ಅಂಗಳದ ತುಂಬ ಮೆಕ್ಕೆಜೋಳದ ತೆನೆ ಹರವಿತ್ತು. ಬಿಸಿಲು ಗೋಡೆಗೆ ಬೀಳುವ ಮೊದಲೇ ಆ ಮನೆಯ ಸೊಸೆ ಮಣೆ ಹಾಕಿಕೊಂಡು ಕೂತು ಕಾಳು ಬಿಡಿಸುತ್ತಿದ್ದಳು. ಮೊಳೆ ಹಾಕಿ ತೆನೆಯ ಉದ್ದಕ್ಕೂ ಒಂದು ಸಾಲು ಕಿತ್ತುಬಿಟ್ಟರೆ ಆಮೇಲೆ ಹೆಬ್ಬೆರಳು ಒತ್ತಿದಂತೆಲ್ಲ ಪಕ್ಕದ ಸಾಲು ತಾನಾಗಿ ಉದುರುತ್ತದೆ. ಕೈ ಅದರ ಪಾಡಿಗೆ ಅದು ನಡೆದಿತ್ತು. ಕಿವಿ ಮಾತ್ರ ಕೊಟ್ಟಿಗೆಯ ಕಡೆಗಿತ್ತು.

ಕೊಟ್ಟಿಗೆಯಲ್ಲಿ ಅತ್ತೆ ಹಾಲು ಕರೆಯುತ್ತಿದ್ದಳು. ಮುದುಕಿಯ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. ಧಾರೆ ಪಾತ್ರೆಗೆ ಬೀಳುವ ಸದ್ದು ತುಂಡು ತುಂಡಾಗಿ ಬರುತ್ತಿತ್ತು. ಕೆಚ್ಚಲಲ್ಲಿ ಅರ್ಧ ಸೇರಾದರೂ ಉಳಿಯಿತು ಎಂದು ಸೊಸೆಗೆ ಕೂತಲ್ಲಿಂದಲೇ ತಿಳಿಯುತ್ತಿತ್ತು. ಆದರೆ ಅವಳು ಏಳುವಂತಿರಲಿಲ್ಲ. ಮೂರು ವರ್ಷದಿಂದ ಅವಳು ಕೊಟ್ಟಿಗೆಯ ಹೊಸ್ತಿಲು ದಾಟಿರಲಿಲ್ಲ, ದಾಟಲು ಬಿಟ್ಟಿರಲಿಲ್ಲ.

ನರ್ಸಿಂಗ್ ಓದುವ ಮಗಳು ಪರೀಕ್ಷೆಯ ರಜೆಗೆ ಬಂದಿದ್ದಳು. ಕಂಬಕ್ಕೆ ಒರಗಿ ಪುಸ್ತಕ ಹಿಡಿದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು.

"ಅಮ್ಮ, ನೀನೂ ಕೇಳು, ನನಗೆ ನೆನಪುಳಿಯುತ್ತೆ. ಡರ್ಮ್ ಅಂದ್ರೆ ಚರ್ಮ. ಗ್ಯಾಸ್ಟ್ರ್ ಅಂದ್ರೆ ಹೊಟ್ಟೆ. ಕೊನೇಲಿ ಐಟಿಸ್ ಅಂತ ಬಂದ್ರೆ ಬಾವು."

"ಯಾವ ಭಾಷೆನೇ ಅದು? ಇಂಗ್ಲಿಷಾ?"

"ಇಂಗ್ಲಿಷಿನೊಳಗೆ ಸೇರ್ಕೊಂಡಿರೋದು. ಕೆಲವು ಗ್ರೀಕು, ಕೆಲವು ಲ್ಯಾಟಿನ್ನು. ಈ ಲ್ಯಾಟಿನ್ನನ್ನ ಈಗ ಯಾವ ಮನೇಲೂ ಆಡಲ್ಲ ಅಂತೆ."

"ಒಳ್ಳೇದಾಯ್ತು. ತಪ್ಪು ಹೇಳಿದ್ರೂ ಕೇಳೋರು ಇಲ್ಲ."

ಮಗಳು ನಕ್ಕಳು. "ಸರಿ, ಮಾಸ್ಟ್ ಅಂದ್ರೆ ಮೊಲೆ. ಮಾಸ್ಟೈಟಿಸ್ ಅಂದ್ರೆ?"

"ಕೆಚ್ಚಲು ಬಾವು. ಇದನ್ನ ಹೇಳೋಕೆ ಅಷ್ಟು ದೂರ ಹೋಗಿ ಬರಬೇಕಿತ್ತಾ?"

ಹತ್ತಾರು ಪದ ಹೀಗೇ ಸಾಗಿದವು. ಸೊಸೆಗೆ ಖುಷಿಯೇ ಆಯಿತು. ಮಗಳಿಗಿಂತ ಮೊದಲೇ ಬಿಡಿಸಿ ಹೇಳುತ್ತಿದ್ದಳು. ಆಮೇಲೆ ಒಂದು ತೆನೆ ಕೈಯಲ್ಲೇ ಉಳಿಯಿತು.

"ಇಡಿಯೋಪಥಿಕ್ ಅಂದ್ರೆ ಏನು?"

ಮಗಳು ತಲೆ ಎತ್ತಿದಳು. ಮೂರು ವರ್ಷದ ಹಿಂದೆ ದನಗಳು ಸತ್ತು ಆ ಪದ ಮನೆಗೆ ಬಂದಾಗ ಅವಳು ಹಾಸ್ಟೆಲಿನಲ್ಲಿದ್ದಳು. ಆ ಪದ ತೆಗೆದರೆ ಮನೆ ರಣರಂಗವಾಗುತ್ತದೆಂದು ಆಮೇಲೆ ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ಅವಳು ಹಾಳೆ ಮಗುಚಿದಳು.

"ಇಡಿಯೋ ಅಂದ್ರೆ ತನ್ನದೇ. ಪಾಥ್ ಅಂದ್ರೆ ನೋವು, ಕಾಯಿಲೆ. ಬೇರೆ ಕಡೆಯಿಂದ ಬಂದಿದ್ದಲ್ಲ, ತನ್ನಷ್ಟಕ್ಕೆ ಆಗಿದ್ದು. ಡಾಕ್ಟರಿಗೆ ಕಾರಣ ಗೊತ್ತಾಗದೆ ಇದ್ರೆ ಹಾಗೆ ಬರೀತಾರೆ."

"ರೋಗದ ಹೆಸರಲ್ವಾ?"

"ಅಲ್ಲಮ್ಮ. ಗೊತ್ತಿಲ್ಲ ಅನ್ನೋದಕ್ಕೆ ಹೆಸರು."

ಸೊಸೆ ಕೈಯಲ್ಲಿದ್ದ ತೆನೆಯನ್ನು ರಾಶಿಯ ಮೇಲೆ ಬೀಸಿ ಎಸೆದಳು. ಕೋಳಿಗಳು ಚೆಲ್ಲಾಪಿಲ್ಲಿಯಾದವು.

ಅವಳು ಮದುವೆಯಾಗಿ ಹದಿನೇಳು ವರ್ಷವಾದ ಮೇಲೆ, ಅವಳಪ್ಪ ತಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕರು ದೊಡ್ಡ ಹಸುವಾಗಿ ಈ ಮನೆಗೆ ಬಂದಿತ್ತು. ಅದು ಒಂದು ತಿಂಗಳಲ್ಲಿ ಸೊರಗಿ ಸತ್ತಿತು. ಡಾಕ್ಟರು ಆ ಪದ ಬರೆದು ಕಾಗದ ಕೊಟ್ಟು ಸ್ಕೂಟರ್ ಹತ್ತಿದ್ದರು. ಆ ವರ್ಷವೇ ಇನ್ನೆರಡು ದನ ಹೋದವು. ಹಾಲಿನ ಡೈರಿಯ ಸಾಲಿನಲ್ಲಿ ನಿಂತವರು ಕೇಳಿದಾಗ ಗಂಡ ಅಷ್ಟುದ್ದದ ಪದ ಹೇಳಿದ. ಅಂಟುತ್ತದೆಯೇ ಎಂದರೆ, "ಅವಳ ತವರಿಂದ ಬಂದ ಹಸು, ರೋಗ ಅಲ್ಲಿಂದಲೇ ಬಂತು" ಎಂದ. ಅಷ್ಟೇ ಸಾಕಾಯಿತು. ಅವಳ ಮೈಯಲ್ಲೇ ಅದರ ಸೋಂಕಿದೆ, ದನದ ಹತ್ತಿರ ಸುಳಿಯಬಾರದು ಎಂದು ಅತ್ತೆ ಗೆರೆ ಎಳೆದಳು. ಊರಲ್ಲಿ ಅವಳಿಗೆ "ಇಡಿಯೋಪಥಿಕ್" ಎಂದೇ ಅಡ್ಡಹೆಸರು ಬಿತ್ತು. ಮಗಳಿಗೆ ರೋಗದ ಹಸು ಕೊಟ್ಟೆನಲ್ಲ ಎಂದು ಕೊರಗುತ್ತಲೇ ಅವಳಪ್ಪ ಕಳೆದ ಬೇಸಿಗೆಯಲ್ಲಿ ಕಣ್ಣುಮುಚ್ಚಿದ.

ಅವಳು ಒಳಗೆ ಹೋಗಿ ಗಂಡನ ಟ್ರಂಕಿನ ತಳದಿಂದ ಕಾಗದ ತೆಗೆದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಸಿರಿಂಜು ತೊಳೆಯುತ್ತಿದ್ದ. ಡಾಕ್ಟರು ರಿಜಿಸ್ಟರಿನಿಂದ ಮುಖ ಎತ್ತದೆ ಕೇಳಿದರು.

"ದನ ಎಲ್ಲಿದೆಯಮ್ಮ?"

"ಸತ್ತು ಮೂರು ವರ್ಷ ಆಯ್ತು. ಇದು ನಿಮ್ಮ ಕೈಬರಹ ತಾನೇ?"

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹೌದು."

"ಈ ಪದದ ಅರ್ಥ ಹೇಳಿ."

"ಅದು ವೈದ್ಯಕೀಯ ಪದ. ನಿಮಗೆ ಅದೆಲ್ಲ..."

"ಇಡಿಯೋ ಅಂದ್ರೆ ತನ್ನದು. ಪಾಥ್ ಅಂದ್ರೆ ನೋವು. ಗ್ರೀಕು. ಅಲ್ಲಿವರೆಗೆ ನಾನು ಬಂದಿದ್ದೀನಿ, ಮುಂದಿನದು ನೀವು ಹೇಳಿ."

ನಲ್ಲಿಯ ನೀರಿನ ಸದ್ದು ನಿಂತಿತು. ಡಾಕ್ಟರು ಕಾಂಪೌಂಡರನ ಕಡೆ ಒಮ್ಮೆ ನೋಡಿದರು.

"ಕಾರಣ ತಿಳಿದುಬಂದಿಲ್ಲ ಅಂತ."

"ಯಾರಿಗೆ?"

"ಅಂದ್ರೆ?"

"ಯಾರಿಗೆ ತಿಳಿದುಬಂದಿಲ್ಲ?"

ಅವರು ರಿಜಿಸ್ಟರು ಮುಚ್ಚಿ ಹೇಳಿದರು: "ನನಗೆ."

"ಅಂಟುರೋಗವಾ ಅದು?"

"ಹಾಗಂತ ನಾನೆಲ್ಲಿ ಬರೆದಿದ್ದೀನಿ?"

"ಅಲ್ಲ ಅಂತಲೂ ಬರೆದಿಲ್ವಲ್ಲ! ಉಳಿದೆರಡು ದನ?"

"ಒಂದಕ್ಕೆ ಮುಪ್ಪು. ಇನ್ನೊಂದಕ್ಕೆ ಕರು ಅಡ್ಡ ಬಂದಿತ್ತು, ನಾನೇ ಬಂದಿದ್ದೆನಲ್ಲ. ಇದಕ್ಕೂ ಅದಕ್ಕೂ ಎಲ್ಲಿಯ ಸಂಬಂಧ?"

"ಊರಿಗೆಲ್ಲ ಸಂಬಂಧ ಕಂಡಿತ್ತು ಡಾಕ್ಟರೇ. ನಮ್ಮಪ್ಪ ಅದನ್ನೇ ನಂಬ್ಕೊಂಡು ಸತ್ತ. 'ನನಗೆ ಗೊತ್ತಿಲ್ಲ' ಅಂತ ನಮ್ಮ ಮಾತಲ್ಲಿ ಹೇಳೋಕೆ ನಿಮ್ಮ ನಾಲಿಗೆ ಏಳಲಿಲ್ವಾ? ಗೊತ್ತಿಲ್ಲದೆ ಇರೋದು ತಪ್ಪಲ್ಲ. ಅದನ್ನ ಅಷ್ಟು ದೊಡ್ಡ ಬಟ್ಟೆಯಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ರಲ್ಲ!"

"ನಿಮ್ಮ ಯಜಮಾನರು ಕೇಳಬಹುದಿತ್ತು."

"ಕೇಳಬಹುದಿತ್ತು. ಅವರನ್ನ ಮನೇಲಿ ವಿಚಾರಿಸ್ಕೋತೀನಿ. ನೀವು ಬರೀರಿ. ಓದಿದ್ರೆ ನಮ್ಮತ್ತೆಗೂ ಅರ್ಥ ಆಗಬೇಕು."

ಡಾಕ್ಟರು ಪೆನ್ನು ಹಿಡಿದು ಕೂತರು. ಎರಡು ಸಲ ಬರೆದು ಹರಿದರು. ಕೊನೆಗೆ ಬರೆದದ್ದು ಮೂರು ಸಾಲು: ಈ ಹಸು ಯಾಕೆ ಸತ್ತಿತೆಂದು ನನಗೆ ತಿಳಿಯಲಿಲ್ಲ. ಅಂಟುರೋಗದ ಯಾವ ಲಕ್ಷಣವೂ ಇರಲಿಲ್ಲ. ಉಳಿದೆರಡು ದನಗಳ ಸಾವಿಗೆ ಇದು ಕಾರಣವಲ್ಲ. ಸಹಿ ಹಾಕಿ ಮೊಹರು ಒತ್ತಿದರು. ಕ್ಷಮಿಸಿ ಎನ್ನುವುದು ಅವರ ಬಾಯಿಯ ತುದಿಗೆ ಬಂದಂತೆ ಕಂಡಿತು. ಬರಲಿಲ್ಲ. ಅವಳು ಕಾಯಲೂ ಇಲ್ಲ.

ಮನೆಗೆ ಬಂದಾಗ ಗಂಡ ಗುದ್ದಲಿಗೆ ಮರದ ಕಾವು ಕೂಡಿಸುತ್ತಿದ್ದ. ಕಾಗದವನ್ನು ಎರಡು ಸಲ ಓದಿ ಅವ್ವನ ಮುಖ ನೋಡಿದ. ಮುದುಕಿ ಗೋಡೆಯ ಮುಖ ನೋಡಿದಳು.

"ಆಗಿದ್ದು ಆಗಿಹೋಯ್ತು ಬಿಡು," ಎಂದ ಗಂಡ. "ನಾಳೆಯಿಂದ ಕೊಟ್ಟಿಗೆ ಕೆಲಸ ನೀನೇ ನೋಡ್ಕೋ."

"ಅಪ್ಪಣೆ ಕೇಳೋಕೆ ಬಂದಿಲ್ಲ ನಾನು. ನೀವು ಎಲ್ಲಿ ನಿಂತು ನಮ್ಮಪ್ಪನ ಮೇಲೆ ತಪ್ಪು ಹಾಕಿದ್ರೋ ಅಲ್ಲೇ ನಿಂತು ಅದು ಸುಳ್ಳು ಅನ್ನಬೇಕು."

"ಹಾಲು ಹಾಕೋ ಹೊತ್ತಲ್ಲಿ ಇದನ್ನೆಲ್ಲ ಎಲ್ಲಿ ಹೇಳೋದೇ?"

"ಆಗ ಹೇಳೋಕೆ ಹೊತ್ತು ಸಿಕ್ಕಿತ್ತಲ್ಲ?"

ಸಂಜೆ ಅವನು ಕ್ಯಾನು ಹಿಡಿದು ಡೈರಿಗೆ ಹೊರಟ. ಅವಳು ನಾಲ್ಕು ಹೆಜ್ಜೆ ಹಿಂದೆ ನಡೆದಳು. ಸಾಲಿನಲ್ಲಿ ಹದಿನೈದಿಪ್ಪತ್ತು ಜನ. ಯಾರೋ ಪಿಸುಗುಟ್ಟಿದರು: "ಇಡಿಯೋಪಥಿಕ್ ಬಂತು, ಸರೀರಿ." ಅವನ ಸರದಿ ಬಂತು. ಅಳೆಯುವವನು ಹಾಲು ಸುರಿದುಕೊಂಡು ಕೊಬ್ಬು ನೋಡುವ ಯಂತ್ರಕ್ಕೆ ಹಚ್ಚಿದ. ಗಂಡ ಗಂಟಲು ಸರಿಮಾಡಿಕೊಂಡ, ಒಮ್ಮೆ ಹಿಂದೆ ತಿರುಗಿ ಅವಳನ್ನು ನೋಡಿದ, ಬಾಯಿ ತೆರೆದ.

"ಫ್ಯಾಟು ಎಷ್ಟು ಬಂತು?" ಎಂದ.

ಅವಳು ಮುಂದೆ ಬಂದು ಕಾಗದ ಬಿಡಿಸಿ ಮೂರು ಸಾಲನ್ನೂ ಓದಿದಳು. ಹಿಂದೆ ಇದ್ದವರಿಗೆ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಓದಿದಳು. "ಹಂಗಾದ್ರೆ ಡಾಕ್ಟ್ರಿಗೇ ಗೊತ್ತಿರಲಿಲ್ವಾ?" ಎಂದಳು ಒಬ್ಬಳು ಮುದುಕಿ. ಪಿಸುಗುಟ್ಟಿದವನು ತನ್ನ ಕ್ಯಾನಿನ ಮುಚ್ಚಳವನ್ನೇ ತಿರುವುತ್ತ ನಿಂತ. ಗಂಡ ಖಾಲಿ ಕ್ಯಾನು ಎತ್ತಿಕೊಂಡು, ಅವಳಿಗೆ ಕಾಯದೆ ಮನೆ ಕಡೆ ನಡೆದುಬಿಟ್ಟಿದ್ದ.

ಮಾರನೆಯ ಬೆಳಿಗ್ಗೆ ಅವಳು ಪಾತ್ರೆ ತೊಳೆದುಕೊಂಡು ಕೊಟ್ಟಿಗೆಗೆ ಹೋದಳು. ಅತ್ತೆ ಎದ್ದು ಜಾಗ ಬಿಟ್ಟಳು. ಹಸು ಹೊಸ ಕೈಗೆ ಒಂದೆರಡು ಸಲ ಕಾಲು ಝಾಡಿಸಿತು, ಮೈ ತಟ್ಟಿದ ಮೇಲೆ ಸುಮ್ಮನಾಯಿತು. ಗಂಡ ಬಾಗಿಲಿಗೆ ಬಂದು ನಿಂತ.

"ಊರಿಗೆಲ್ಲ ಗೊತ್ತಾಯ್ತಲ್ಲ. ಇನ್ನಾದ್ರೂ ಸಮಾಧಾನನಾ?"

"ನಾನು ಓದಿದ್ದು ಡಾಕ್ಟರ ಮಾತು," ಅವಳು ತಿರುಗದೆ ಹೇಳಿದಳು. "ನಿಮ್ಮದು ಬಾಕಿ ಇದೆ."

ಅವನು ಚೌಕಟ್ಟಿನ ಮರವನ್ನು ಉಗುರಿನಿಂದ ಕೆರೆದ. ಆಮೇಲೆ ಗುದ್ದಲಿ ಹೆಗಲಿಗೇರಿಸಿ ಹೊಲದ ಕಡೆ ಹೋದ.