ಸಮುದ್ರದಲ್ಲಿ ಮನೆ ಮಾಡಿದ ವಿದ್ಯಾರ್ಥಿಗಳು

ಭೂಗೋಳ ಹೇಳಿಕೊಡುವ ನನ್ನನ್ನೂ ವಾಣಿಜ್ಯ ಹೇಳಿಕೊಡುವ ನನ್ನ ಗಂಡನನ್ನೂ ನಮ್ಮ ಸಮುದಾಯ ಕಾಲೇಜು ಒಟ್ಟಿಗೇ ಜಿಐಎಸ್ ತರಬೇತಿಗೆ ಅಟ್ಟಿತು. ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ಮಾಹಿತಿ ಕೂರಿಸುವ ವಿದ್ಯೆ ಅದು. ನಾನು ಹೋದದ್ದಕ್ಕೆ ಅರ್ಥವಿತ್ತು. ಇವರು ಬಂದದ್ದು ಯಾಕೆಂದರೆ, ಕಾಲೇಜಿಗೆ ಇಬ್ಬರು ಅಂತ ಆದೇಶವಿತ್ತು, ಉಳಿದವರೆಲ್ಲ ಹೇಗೋ ನುಣುಚಿಕೊಂಡಿದ್ದರು.

ಹೊರಡುವಾಗ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದ್ದರು: "ಹಳೇ ಭೂಗೋಳದ ಕ್ಲಾಸು ಇನ್ಮೇಲೆ ಇರಲ್ಲ ಮೇಡಂ. ಸರ್ಟಿಫಿಕೇಟ್ ತಂದವರಿಗೆ ಹೊಸ ಕ್ಲಾಸು. ತರದಿದ್ರೆ ನಿಮಗೆ ಪರೀಕ್ಷಾ ವಿಭಾಗ."

ಪರೀಕ್ಷಾ ವಿಭಾಗ ಅಂದರೆ ಉತ್ತರ ಪತ್ರಿಕೆಗಳಿಗೆ ಸೀಲು ಒತ್ತುತ್ತ ಕೂರುವುದು. ಪಾಠ ಮಾಡದೆ ನಾನು ಬದುಕಲಾರೆ, ನಗುವವರು ನಗಲಿ.

ತರಬೇತುದಾರ ಕುತ್ತಿಗೆಗೆ ಎರಡೆರಡು ಗುರುತಿನ ಚೀಟಿ ನೇತುಹಾಕಿಕೊಂಡಿದ್ದ. ಪರದೆಯ ಮೇಲೆ ತಾನು ಏನೋ ಒತ್ತಿ, "ಈಗ ನೀವೂ ಒತ್ತಿ" ಅನ್ನುತ್ತಿದ್ದ. ಯಾಕೆ ಒತ್ತಬೇಕು ಅಂತ ಕೇಳಿದರೆ, "ಅದು ಮುಂದಿನ ಸ್ಲೈಡಲ್ಲಿ ಬರುತ್ತೆ." ಮುಂದಿನ ಸ್ಲೈಡಿನಲ್ಲಿ ಚಹಾ ವಿರಾಮ ಬಂತು. ನೆರೆದಿದ್ದ ಮೇಷ್ಟ್ರುಗಳೆಲ್ಲ ತಲೆದೂಗಿ ಬಿಸ್ಕತ್ತಿನ ಕಡೆ ನಡೆದರು.

ಕೊನೆಯ ದಿನ ಪರೀಕ್ಷೆ. ನಮ್ಮ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಮನೆಗಳನ್ನು ನಕ್ಷೆಯಲ್ಲಿ ಚುಕ್ಕಿ ಹಾಕಿ ತೋರಿಸಬೇಕು. ಮಾಹಿತಿಯ ಫೈಲನ್ನು ತರಬೇತುದಾರನೇ ಸಿದ್ಧಮಾಡಿ ಹಂಚಿದ. ನಕ್ಷೆಗೆ ಕೂರಿಸಿದೆ. ಅಯ್ಯೋ ಕರ್ಮವೇ! ನನ್ನ ಮಕ್ಕಳೆಲ್ಲ ನಡುಸಮುದ್ರದಲ್ಲಿದ್ದಾರೆ! ಆ ಪುಣ್ಯಾತ್ಮ ಅಕ್ಷಾಂಶದ ಜಾಗದಲ್ಲಿ ರೇಖಾಂಶ, ರೇಖಾಂಶದ ಜಾಗದಲ್ಲಿ ಅಕ್ಷಾಂಶ ತುಂಬಿಟ್ಟಿದ್ದ.

ಪಕ್ಕದಲ್ಲಿ ನನ್ನ ಗಂಡ, ಸಮುದ್ರಕ್ಕೆ ತಿಳಿನೀಲಿಯೋ ಕಡುನೀಲಿಯೋ ಅಂತ ಮೀನಮೇಷ ಎಣಿಸುತ್ತಿದ್ದರು.

"ರೀ, ಮಕ್ಕಳು ನೀರಲ್ಲಿದ್ದಾರೆ."

"ಇರ್ಲಿ ಬಿಡೇ. ಚುಕ್ಕಿ ಎಷ್ಟು ಚೆನ್ನಾಗಿ ಎದ್ದು ಕಾಣ್ತಿದೆ ನೋಡು."

ತರಬೇತುದಾರನನ್ನು ಕರೆದೆ. ಅವನು ನನ್ನ ಪರದೆ ನೋಡಲಿಲ್ಲ, ಗಡಿಯಾರ ನೋಡಿದ. "ಜಾಗ ಸರಿ ಇದೆಯಾ ಅನ್ನೋದಕ್ಕೆ ಅಂಕ ಇಲ್ಲ ಮೇಡಂ. ಶೀರ್ಷಿಕೆ, ಅಳತೆಪಟ್ಟಿ, ಬಣ್ಣಗಳ ವಿವರ, ಉತ್ತರ ದಿಕ್ಕಿನ ಬಾಣ. ಇಷ್ಟಿದ್ರೆ ಪಾಸು."

ಮೈಯೆಲ್ಲ ಉರಿದುಹೋಯಿತು. ತಪ್ಪೆಂದು ಗೊತ್ತಿದ್ದೂ ಅದಕ್ಕೆ ನನ್ನ ಹೆಸರು ಹಾಕಲು ಕೈ ಬರಲಿಲ್ಲ. ಕಾಲಂಗಳನ್ನು ಅದಲುಬದಲು ಮಾಡಿ ಮೊದಲಿನಿಂದ ಕೂರಿಸತೊಡಗಿದೆ. ಆ ಹಳೇ ಕಂಪ್ಯೂಟರೋ, ಹೆಜ್ಜೆಗೊಮ್ಮೆ ಮುನಿಸಿಕೊಂಡು ನಿಲ್ಲುತ್ತಿತ್ತು. ಅಂತೂ ಇಂತೂ ಮಕ್ಕಳನ್ನು ದಡ ಸೇರಿಸಿ, ಅವರವರ ಬೀದಿಗೆ ಮುಟ್ಟಿಸಿದೆ. ಅಷ್ಟರಲ್ಲಿ ಹೊತ್ತು ಮುಗಿಯಿತು. ಬಾಣ ಹಾಕಿರಲಿಲ್ಲ.

ನಾನು ಫೇಲು. ಇವರಿಗೆ ಪೂರ್ತಿ ಅಂಕ, ಮೇಲೆ ಚಪ್ಪಾಳೆ. ಇವರ ನೀಲಿ ನಕ್ಷೆ ಈಗ ಚೌಕಟ್ಟು ಹಾಕಿಸಿಕೊಂಡು ಪ್ರಿನ್ಸಿಪಾಲರ ಕುರ್ಚಿಯ ಹಿಂದೆ ತೂಗುತ್ತಿದೆ. ಬಂದವರೆಲ್ಲ "ಆಹಾ" ಅನ್ನುತ್ತಾರೆ. ಕೆಳಗಿನ ಕೋಣೆಯಲ್ಲಿ ನಾನು ಸೀಲು ಒತ್ತುತ್ತೇನೆ.

ಹೊಸ ಕ್ಲಾಸು ಶುರುವಾಗುವ ಹಿಂದಿನ ಸಂಜೆ ಇವರು ಅಡುಗೆಮನೆ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತರು.

"ನೋಡೇ, ನಾಳೆ ಯಾರಾದ್ರೂ 'ನನ್ನ ಮನೆ ತೋರ್ಸಿ ಸಾರ್' ಅಂದ್ರೆ ಏನು ಮಾಡ್ಲಿ? ಸ್ವಲ್ಪ ಹೇಳ್ಕೊಡು. ನಿನಗೆ ಬರುತ್ತಲ್ಲ."

ನಿನಗೆ ಬರುತ್ತಲ್ಲ! ಇದೇ ಮಾತನ್ನು ಪ್ರಿನ್ಸಿಪಾಲರ ಎದುರು ಒಂದು ಸಲ ಆಡಿದ್ದರೆ ನನ್ನ ಕೈಗೆ ಸೀಲು ಬರುತ್ತಿರಲಿಲ್ಲ.

"ಬಾಣ ಹಾಕಿದ್ದೀರಲ್ಲ," ಅಂದೆ. "ಅದು ತೋರ್ಸಿದ ಕಡೆ ಕರ್ಕೊಂಡು ಹೋಗಿ. ಈಜು ಬರುತ್ತಾ ಅಂತ ಮಾತ್ರ ಮೊದ್ಲೇ ಕೇಳ್ಕೊಳ್ಳಿ."