ಹೊಲಿದು ತಂದ ಅರ್ಜಿ

ಅರ್ಜಿ ಬರೆಯುವವರನ್ನು ನಾನು ಸಾವಿರಾರು ಮಂದಿ ಕಂಡಿದ್ದೇನೆ. ಅರ್ಜಿಯನ್ನು ಹೊಲಿಯುವವರನ್ನು ಕಂಡದ್ದು ಒಬ್ಬರನ್ನೇ. ಎರಡೇ ಹಾಳೆಯಿರಲಿ ಹನ್ನೆರಡಿರಲಿ, ಅಂಚಿನಲ್ಲಿ ಅಳತೆ ಹಿಡಿದು ಮೂರು ತೂತು ಮಾಡಿ, ಮೇಣ ಸವರಿದ ದಾರವನ್ನು ನಡುವಿನ ತೂತಿನಿಂದ ತೂರಿಸಿ, ಮೇಲಕ್ಕೂ ಕೆಳಕ್ಕೂ ಸುತ್ತಿ ತಂದು, ಗಂಟು ಕಣ್ಣಿಗೆ ಬೀಳದಂತೆ ಹಿಂಬದಿಗೆ ಬಿಗಿದು, ಆಮೇಲೆ ಅದನ್ನು ಎರಡೂ ಕೈಗಳಿಂದ ನನ್ನ ಕಿಟಕಿಯೊಳಗೆ ನೀಡುತ್ತಿದ್ದರು. ಪಿನ್ನು ಹೊಡೆದ ಅರ್ಜಿಗಳಲ್ಲಿ ಕಚೇರಿಗೊಂದು ಸೌಕರ್ಯವಿದೆ: ತೊಡಕಿನ ಹಾಳೆ ಹೇಗೋ ಕಳಚಿಕೊಂಡು, ಯಾರ ಮೇಲೂ ಹೊಣೆ ಹೊರಿಸದೆ ಅಂತರ್ಧಾನವಾಗುತ್ತದೆ. ಇವರ ಅರ್ಜಿಯಿಂದ ಹಾಳೆ ತೆಗೆಯಬೇಕಾದರೆ ಹರಿಯಲೇಬೇಕು. ಹರಿದರೆ ಚೂರು ದಾರದಲ್ಲೇ ಉಳಿದು ಸಾಕ್ಷಿ ಹೇಳುತ್ತದೆ. ಟಪಾಲು ವಿಭಾಗದವರು ಅವರಿಗೆ ‘ದಾರದ ಯಜಮಾನರು’ ಎಂದು ಹೆಸರಿಟ್ಟಿದ್ದರು. ಮೊದಮೊದಲು ಅದು ಗೇಲಿಯಾಗಿತ್ತು, ಆಮೇಲಾಮೇಲೆ ಅದರಲ್ಲಿ ಸ್ವಲ್ಪ ಭಯವೂ ಸೇರಿಕೊಂಡಿತು.

ನಾನು ಆಗ ಪುರಸಭೆಯ ದಾಖಲೆ ಕೊಠಡಿಯ ಗುಮಾಸ್ತ. ನೆಲಮಾಳಿಗೆಯ ಆ ಕೋಣೆಯಲ್ಲಿ ಹಜಾರಕ್ಕೆ ತೆರೆಯುವ ಒಂದು ಕಿಟಕಿ, ಒಂದು ಕುಂಟು ಏಣಿ, ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಇವೆಲ್ಲದರ ನಡುವೆ ನಾನು. ಯಜಮಾನರು ಮೆಟ್ಟಿಲಿಳಿದು ಬರುವುದು ಸದ್ದಿನಿಂದಲೇ ತಿಳಿಯುತ್ತಿತ್ತು: ಒಂದು ಹೆಜ್ಜೆ ಭಾರ, ಒಂದು ಹಗುರ. ನಲವತ್ತು ವರ್ಷ ಪುಸ್ತಕ ಕಟ್ಟುವ ಒತ್ತುಯಂತ್ರದ ಹಿಡಿಕೆ ತಿರುಗಿಸಿದ್ದರಿಂದ ಬಲಭುಜ ಮುಂದಕ್ಕೆ ಬಂದು ಹಾಗೆಯೇ ನಿಂತುಬಿಟ್ಟಿತ್ತು. ಬೀದಿಯಲ್ಲಿ ನಡೆಯುವಾಗಲೂ ಎದುರಿಗಿರುವ ಏನನ್ನೋ ಅದುಮುತ್ತಲೇ ಹೋಗುವವರಂತೆ ಕಾಣುತ್ತಿದ್ದರು. ಬೇಸಿಗೆಯಿರಲಿ ಚಳಿಯಿರಲಿ, ಮೈಮೇಲೆ ಒಂದೇ ಕಂದು ಕೋಟು. ಅದರ ಕಾಲರಿನ ಒಳಮಗ್ಗುಲಲ್ಲಿ ಸೂಜಿ, ಜೇಬಿನಲ್ಲಿ ದಾರದುಂಡೆ, ಮೇಣದ ತುಣುಕು. ಬಲಗೈ ಹೆಬ್ಬೆರಳು ಮಡಿಕೆ ಉಜ್ಜಿ ಉಜ್ಜಿ ಚಪ್ಪಟೆಯಾಗಿತ್ತು. ಕಾಗದ ಕೈಗೆ ಬಂದರೆ ಮೊದಲು ಅದನ್ನು ಎರಡು ಬೆರಳ ನಡುವೆ ಹಿಡಿದು ಸವರುವರು, ಓದುವ ಮಾತು ಆಮೇಲೆ. ‘ನಾನು ಹೊಲಿಯೋನು, ಓದೋನಲ್ಲ’ ಎಂಬುದು ಅವರ ಬಿಂಕದ ಮಾತಾಗಿತ್ತು.

ಇನ್ನೊಂದು ಮಾತಿತ್ತು, ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು: ‘ಬರ್ಕೊಡಿ.’ ಸಾಹೇಬರು ರಜೆಯಲ್ಲಿದ್ದಾರೆಂದರೆ ಬರ್ಕೊಡಿ. ಕೀಲಿಕೈ ಸಿಗುತ್ತಿಲ್ಲವೆಂದರೆ ಬರ್ಕೊಡಿ. ಒಮ್ಮೆ ಮೋಡ ಕವಿದಿತ್ತೆಂದು ಸುಮ್ಮನೆ ಲೋಕಾಭಿರಾಮವಾಗಿ, ಸಂಜೆ ಮಳೆ ಬರಬಹುದು ಯಜಮಾನ್ರೇ ಎಂದೆ. ಅವರು ಕಣ್ಣು ಮಿಟುಕಿಸದೆ ಅದನ್ನೂ ಬರೆದುಕೊಡಲು ಹೇಳಿದರು. ತಮಾಷೆಗೆ ಹೇಳಿದರೋ ನಿಜಕ್ಕೇ ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅವರು ಕೇಳುತ್ತಿದ್ದುದು ಒಂದೇ ಒಂದು ಸಾಲು. ಊರ ಸ್ಮಶಾನದ ಪೂರ್ವಾರ್ಧವನ್ನು ಬಸ್ ನಿಲ್ದಾಣಕ್ಕೆ ಬಿಟ್ಟುಕೊಡುವುದೆಂದು ನಿರ್ಣಯವಾಗಿ, ಗೋಡೆಗೋಡೆಗೂ ನೋಟಿಸು ಅಂಟಿಸಿದ್ದರು: ಅಲ್ಲಿ ಮಣ್ಣಾದವರ ಬಂಧುಗಳು ಹದಿನೆಂಟು ತಿಂಗಳೊಳಗೆ ಮರಣವಹಿಯಲ್ಲಿರುವ ಸಮಾಧಿಯ ಸಾಲು ಮತ್ತು ಸಂಖ್ಯೆಯನ್ನು ಹಾಜರುಪಡಿಸಿದರೆ ಅವಶೇಷಗಳನ್ನು ಗೌರವಪೂರ್ವಕವಾಗಿ ಪಶ್ಚಿಮಾರ್ಧಕ್ಕೆ ಸಾಗಿಸಲಾಗುವುದು, ಇಲ್ಲವಾದರೆ ನೆಲ ಸಮತಟ್ಟು ಮಾಡಲಾಗುವುದು. ಪೂರ್ವಾರ್ಧವೆಂದರೆ ಮಕ್ಕಳ ಭಾಗ. ಯಜಮಾನರ ಅಕ್ಕನ ಒಬ್ಬಳೇ ಮಗಳು ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡು ನಲವತ್ತೊಂದು ವರ್ಷವಾಗಿತ್ತು. ನೆಟ್ಟಿದ್ದ ಮರದ ಹಲಗೆ ಗೆದ್ದಲು ಹಿಡಿದು ಹೋಯಿತು. ಗುರುತಿಗಿದ್ದ ಮರವನ್ನು ಪುರಸಭೆಯವರೇ ಕಡಿದರು. ಅಲ್ಲಿಂದಾಚೆಗೆ ಅಕ್ಕ ಗೇಟಿನ ಹತ್ತಿರವೇ ನಿಂತು, ಇಡೀ ಮೈದಾನವನ್ನು ಒಟ್ಟಾಗಿ ಒಮ್ಮೆ ನೋಡಿ ಮನೆಗೆ ಹೋಗುತ್ತಿದ್ದರು. ಗಂಡನನ್ನು ಮೊದಲೇ ಕಳೆದುಕೊಂಡು ತಮ್ಮನ ಮನೆಯಲ್ಲೇ ಮುದುಕಿಯಾದ ಆ ತಾಯಿ ನೋಟಿಸು ಓದಿಸಿಕೊಂಡು ತಮ್ಮನಿಗೆ ಹೇಳಿದ್ದು, ಮಗುವನ್ನು ಬಸ್ಸಿನ ಚಕ್ರದ ಕೆಳಗೆ ಬಿಡಬೇಡ ಎಂದಷ್ಟೇ.

ಈಗ ನನ್ನ ತಪ್ಪೊಪ್ಪಿಗೆ. ಅವರ ಮೊದಲ ಅರ್ಜಿಗೆ ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹವನ್ನು ನಾನು ಕುರ್ಚಿಯಿಂದ ಏಳದೆಯೇ ಬರೆದೆ. ನಲವತ್ತೊಂದು ವರ್ಷದ ಹಿಂದಿನ ಧೂಳನ್ನು ಯಾರು ಕುಡಿಯುತ್ತಾರೆ? ಎರಡನೆಯ ಅರ್ಜಿ ಬಂದಾಗ ನಾಚಿಕೆಯಾಗಿ ಏಣಿ ಹತ್ತಿದೆ. ಆ ವರ್ಷದ ಮರಣವಹಿ ಸಿಕ್ಕಿತು. ಮಕ್ಕಳ ಹಾಳೆಗಳು ಕೆಲವೇ ಇರುತ್ತಿದ್ದುದರಿಂದ ಅವನ್ನು ದೊಡ್ಡವರ ವಹಿಯ ಕೊನೆಗೆ ಸೇರಿಸಿ ಕಟ್ಟುವುದು ರೂಢಿ. ಆ ವರ್ಷದ ವಹಿಯ ಕೊನೆಯಲ್ಲಿ ಮಾತ್ರ ಅವು ಇರಲಿಲ್ಲ. ಹಾಗಾಗಿ ಎರಡನೆಯ ಸಲವೂ ಲಭ್ಯವಿಲ್ಲವೆಂದೇ ಬರೆದೆ, ಈ ಸಲ ಸತ್ಯವನ್ನೇ ಬರೆದೆ. ಆದರೆ ಮೊದಲ ಸಲದ ಸುಳ್ಳಿಗೂ ಎರಡನೆಯ ಸಲದ ಸತ್ಯಕ್ಕೂ ಅಕ್ಷರಗಳು ಒಂದೇ ಆಗಿದ್ದವು, ಅವರು ನಂಬಲಿಲ್ಲ.

ನಂಬದಿರಲು ಅವರಿಗೆ ಬಲವಾದ ಕಾರಣವಿತ್ತು. ಆ ಕಾಲದಲ್ಲಿ ಪುರಸಭೆಯ ಬಿಡಿಹಾಳೆಗಳೆಲ್ಲ ವರ್ಷದ ಕೊನೆಗೆ ಅವರ ಅಂಗಡಿಗೇ ಹೋಗಿ ವಹಿಗಳಾಗಿ ಬರುತ್ತಿದ್ದವು. ಮೇಲ್ಮನವಿಯ ವಿಚಾರಣೆಯಲ್ಲಿ ಅಧಿಕಾರಿಗಳು, ಅಂಥ ಹಾಳೆಗಳು ಇದ್ದವೆಂದು ನಿಮಗೆ ಯಾರು ಹೇಳಿದರು ಎಂದು ಕೇಳಿದಾಗ ಯಜಮಾನರು ಎದ್ದು ನಿಂತು, ಭುಜವನ್ನು ಇನ್ನಷ್ಟು ಮುಂದೆ ಮಾಡಿ ಹೇಳಿದರು:

“ಯಾರೂ ಹೇಳ್ಬೇಕಾಗಿಲ್ಲ ಸಾರ್. ಆ ಕಟ್ಟು ನನ್ನ ಮೇಜಿನ ಮೇಲೆ ಬಂದಿತ್ತು. ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಹಾಳೆ ಆಚೀಚೆ ಆಗಿಲ್ಲ. ಬೇಕಾದ್ರೆ ಬರ್ಕೊಡ್ತೀನಿ.”

ಬರೆದೂ ಕೊಟ್ಟರು. ಹಾಳೆಗಳನ್ನು ವಹಿಯಿಂದ ಕಿತ್ತು ರದ್ದಿಗೆ ಹಾಕಲಾಗಿದೆ, ದಾಖಲೆ ಕೊಠಡಿಯ ಗುಮಾಸ್ತರು ಅದನ್ನು ಮುಚ್ಚಿಡಲು ಸುಳ್ಳು ಹೇಳುತ್ತಿದ್ದಾರೆ ಎಂಬ ಮೂರನೆಯ ಅರ್ಜಿ ಅದೇ ಮೂರು ತೂತು, ಅದೇ ದಾರದೊಂದಿಗೆ ಬಂತು. ನನಗೆ ಮೆಮೊ ಬಂತು. ನನ್ನ ಸೇವಾಪುಸ್ತಕದಲ್ಲಿ ‘ನಿರ್ಲಕ್ಷ್ಯ’ ಎಂಬ ಷರಾ ಬಿತ್ತು, ಕೈಗೆ ಬಂದಿದ್ದ ಬಡ್ತಿ ನಿಂತಿತು. ಮುಚ್ಚುಮರೆಯೇಕೆ, ಆ ದಿನಗಳಲ್ಲಿ ನಾನು ಅವರನ್ನು ದ್ವೇಷಿಸಿದೆ. ಮೆಟ್ಟಿಲ ಮೇಲೆ ಆ ಭಾರದ ಹೆಜ್ಜೆ ಕೇಳಿದರೆ ಯಾವುದೋ ಕಡತ ಎಳೆದುಕೊಂಡು ತಲೆ ತಗ್ಗಿಸಿಬಿಡುತ್ತಿದ್ದೆ. ಅವರು ಮಾತ್ರ ಪ್ರತಿ ಮಂಗಳವಾರ ಹತ್ತೂವರೆಗೆ ಬಂದು, ಬೆಂಚಿನ ತುದಿಯಲ್ಲಿ ಕುಳಿತು, ನನ್ನ ಮುಖವನ್ನೇ ನೋಡುತ್ತಾ ಊಟದ ಬಿಡುವಿನವರೆಗೆ ಇದ್ದು ಹೋಗುತ್ತಿದ್ದರು. ಕಾಯಿಸಿದರೆ ಸುಸ್ತಾಗುವ ಪೈಕಿಯವರಲ್ಲ ಎಂಬುದು ಕಚೇರಿಗೆಲ್ಲ ಅರ್ಥವಾಗಿತ್ತು.

ಕೊನೆಗೆ ಮೇಲಿನವರು ಬೇಸತ್ತು, ಅರ್ಜಿದಾರರು ಖುದ್ದಾಗಿ ವಹಿಗಳನ್ನು ಪರಿಶೀಲಿಸಬಹುದು ಎಂದು ಆದೇಶಿಸಿದರು. ಆಗ ಗಡುವಿಗೆ ಇಪ್ಪತ್ತು ದಿನವಷ್ಟೇ ಉಳಿದಿತ್ತು. ನಾನು ಮರಣವಹಿಯನ್ನು ತಂದು ಅವರ ಮುಂದೆ ಸದ್ದಾಗುವಂತೆಯೇ ಇಟ್ಟೆ. ಅವರು ಅದನ್ನು ತೆರೆಯಲಿಲ್ಲ. ಬೆನ್ನು ಮೇಲೆ ಮಾಡಿ ಹಿಡಿದು, ಹೆಬ್ಬೆರಳನ್ನು ತುದಿಯಿಂದ ತುದಿಗೆ ಎಳೆದರು. ಬಳಿಕ ಕೊನೆಯ ಹಾಳೆ ಬಿಡಿಸಿ, ರಟ್ಟಿಗೂ ಹಾಳೆಗೂ ನಡುವಿನ ಸಂದಿಯಲ್ಲಿ ಉಗುರು ಆಡಿಸಿದರು. ಕಿತ್ತ ಹಾಳೆ ದಾರದಡಿಯಲ್ಲಿ ಚೂರು ಬಿಟ್ಟಿರಬೇಕು. ಚೂರಿರಲಿಲ್ಲ. ಹೊಲಿಗೆ ಅವರದೇ, ಕೊನೆಯ ಗಂಟೂ ಅವರದೇ, ನಲವತ್ತೊಂದು ವರ್ಷದಿಂದ ಯಾರೂ ಮುಟ್ಟದ ಗಂಟು. ಅವರ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಗೆದ್ದೆ ಎಂದುಕೊಂಡೆ, ಖುಷಿಯೂ ಪಟ್ಟೆ.

ಹಾಳೆಗಳನ್ನು ಯಾರೂ ಕಿತ್ತಿಲ್ಲ ಎಂದಮೇಲೆ ಅವು ಈ ವಹಿಗೆ ಸೇರಿಯೇ ಇರಲಿಲ್ಲ. ಅಲ್ಲಿಗೆ ತಪ್ಪು ನನ್ನ ಕೊಠಡಿಯದಾಗಿ ಉಳಿಯಲಿಲ್ಲ, ಅವರ ಮೇಜಿನದಾಯಿತು. ಬೇರೆ ಯಾರೇ ಆಗಿದ್ದರೂ ಆಗ ಕೋಟಿನ ಗುಂಡಿ ಹಾಕಿಕೊಂಡು, ಕಚೇರಿಯನ್ನು ಬೈಯುತ್ತಾ ಮನೆಗೆ ಹೋಗುತ್ತಿದ್ದರು, ಸತ್ಯ ಆ ಗಂಟಿನೊಳಗೇ ಉಳಿಯುತ್ತಿತ್ತು. ಯಜಮಾನರು ಆ ವರ್ಷ ತಾವು ಕಟ್ಟಿದ ಉಳಿದ ಹದಿನಾರು ವಹಿಗಳನ್ನೂ ತರಬೇಕೆಂದು ಕೇಳಿದರು. ಅವರ ದನಿ ಮೊದಲ ಬಾರಿ ತಗ್ಗಿತ್ತು.

ಮೂರು ದಿನ ಹಿಡಿಯಿತು. ನೀರಿನ ನಲ್ಲಿಗಳ ವಹಿ, ಚರಂಡಿಗಳ ವಹಿ, ಜನನವಹಿ, ಒಂದೊಂದನ್ನೂ ಬೆನ್ನು ಸವರಿ ಪಕ್ಕಕ್ಕಿಡುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಬೀದಿದೀಪಗಳ ವಹಿಯ ಮೇಲೆ ಹೆಬ್ಬೆರಳು ನಿಂತಿತು. ತಿಂಗಳಿಗೊಂದರಂತೆ ಅದರಲ್ಲಿ ಮಡಿಚಿದ ಹಾಳೆಗಳ ಹನ್ನೆರಡು ಕಂತೆಗಳಿರಬೇಕು. ಬೆನ್ನಿನ ತುದಿಯಲ್ಲಿ ಕಾಣುವ ಮಡಿಕೆಗಳನ್ನು ಎಣಿಸಿದರು, ಹದಿಮೂರಿದ್ದವು. ಇನ್ನೊಮ್ಮೆ ಎಣಿಸಿದರು. ಆಮೇಲೆ ಕೊನೆಯ ಕಂತೆಯನ್ನು ಬಿಡಿಸದೆ ಅದರ ಮೇಲೆ ಅಂಗೈ ಇಟ್ಟುಕೊಂಡು ಕುಳಿತರು. ಓದಿ ಹೇಳಲೇ ಎಂದೆ, ಬೇಡವೆಂದು ತಲೆಯಾಡಿಸಿದರು. ಕೋಟಿನ ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಹೊಲಿಯುವವನೇ ಹೊರತು ಓದುವವನಲ್ಲ ಎನ್ನುತ್ತಿದ್ದ ಆ ಮನುಷ್ಯ ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾ ಇಳಿದರು. ಒಂದು ಕಡೆ ಬೆರಳು ನಿಂತಿತು. ಹೆಸರು, ವಯಸ್ಸು ನಾಲ್ಕು, ಸಾಲು ಏಳು, ಸಂಖ್ಯೆ ಇಪ್ಪತ್ತಮೂರು.

“ಆ ಕಟ್ಟಲ್ಲಿ ಅವಳ ಹೆಸರಿದೆ ಅಂತ ಗೊತ್ತಿತ್ತು,” ಎಂದರು, ನನಗೆ ಹೇಳಿದರೋ ವಹಿಗೆ ಹೇಳಿದರೋ. “ಕಣ್ಣಿಗೆ ಬೀಳಬಾರದು ಅಂತ ಬೋರಲು ಹಾಕ್ದೆ. ಪಕ್ಕದಲ್ಲಿ ದೀಪದ ಹಾಳೆ ಇದ್ವು, ಎರಡೂ ಒಂದೇ ಅಳತೆ. ತಲೆಬರಹ ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ.”

ಆ ಮಗು ಅವರ ಅಂಗಡಿಯಲ್ಲಿ, ಕತ್ತರಿಸಿ ಬಿದ್ದ ಕಾಗದದ ಎಳೆಗಳ ರಾಶಿಯಲ್ಲಿ ಕುಳಿತೇ ಬೆಳೆದಿತ್ತಂತೆ. ಮಾವ ಅವಳಿಗೆಂದು ಅಂಗೈಯಗಲದ ಖಾಲಿ ಪುಸ್ತಕಗಳನ್ನು ಕಟ್ಟಿಕೊಡುತ್ತಿದ್ದರಂತೆ. ಇದನ್ನು ಅವರು ಹೇಳುತ್ತಿರುವಾಗ ಹದಿನೇಳು ತಿಂಗಳ ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ನನಗೆ ಅಳು ಬಂತು, ಅವರ ಮುಂದೆಯೇ ಅತ್ತೆ.

ಕಣ್ಣೊರೆಸಿಕೊಂಡು ನಾನು ಒಂದು ಉಪಾಯ ಹೇಳಿದೆ. ‘ಹುಡುಕಿದಾಗ ದಾಖಲೆ ಲಭ್ಯವಾಗಿದೆ’ ಎಂದು ಒಂದು ಸಾಲು ಬರೆದುಬಿಡುತ್ತೇನೆ, ಎಲ್ಲಿ ಸಿಕ್ಕಿತು, ಹೇಗೆ ಹೋಗಿತ್ತು ಎಂದು ಯಾರೂ ಕೇಳುವುದಿಲ್ಲ, ಅವರ ನಲವತ್ತು ವರ್ಷದ ಹೆಸರು ಹಾಗೆಯೇ ಇರಲಿ ಎಂದೆ. ಅವರು ನನ್ನ ಪೆನ್ನಿಗೆ ಕೈ ಚಾಚಿದರು.

“ನಿಮ್ಮನ್ನ ಸುಳ್ಳುಗಾರ ಅಂದಿದ್ದು ಕಾಗದದ ಮೇಲೆ, ಗುಮಾಸ್ತರೇ. ಬಾಯಲ್ಲಿ ವಾಪಸ್ ತಗೊಂಡ್ರೆ ಆಗಲ್ಲ. ಬರ್ಕೊಡ್ತೀನಿ.”

ಅಲ್ಲೇ, ನನ್ನದೇ ಮೇಜಿನ ಮೇಲೆ, ನನ್ನದೇ ಪೆನ್ನಿನಿಂದ ಬರೆದರು: ಹಾಳೆಗಳು ತಪ್ಪು ವಹಿಗೆ ಸೇರಿದ್ದು ತಮ್ಮ ಕೈಯಿಂದ, ಕಚೇರಿಯಿಂದಲ್ಲ, ಗುಮಾಸ್ತರ ಮೇಲೆ ಹೊರಿಸಿದ ಆಪಾದನೆ ತಪ್ಪು, ಷರಾ ತೆಗೆಯತಕ್ಕದ್ದು, ಇದನ್ನು ತಮ್ಮ ಹಿಂದಿನ ಮೂರು ಅರ್ಜಿಗಳ ಜೊತೆಯಲ್ಲೇ ಇಡತಕ್ಕದ್ದು. ಒಂದೇ ಹಾಳೆ. ಒಂದು ಹಾಳೆಯನ್ನು ಹೊಲಿಯುವುದೇನು ಬಂತು ಎಂದುಕೊಂಡೆ. ಅವರು ಕಡತ ತರಿಸಿಕೊಂಡು, ಕಾಲರಿನಿಂದ ಸೂಜಿ ತೆಗೆದು, ದಾರಕ್ಕೆ ಮೇಣ ಸವರಿ, ಆ ಹಾಳೆಯನ್ನು ಮೂರನೆಯ ಅರ್ಜಿಗೇ ಸೇರಿಸಿ ಹೊಲಿದರು. ತೂತುಗಳ ಅಂತರ ಒಂದಿಷ್ಟೂ ಹೆಚ್ಚುಕಡಿಮೆಯಾಗಲಿಲ್ಲ.

ಸ್ಥಳ ಗುರುತಿಸುವ ದಿನ ನಾನೂ ವಹಿ ಹಿಡಿದು ಹೋಗಿದ್ದೆ. ಮೋಜಣಿದಾರ ಸರಪಳಿ ಎಳೆದು ಏಳನೆಯ ಸಾಲಿಗೆ ಬಂದು, ಇಪ್ಪತ್ತಮೂರಕ್ಕೆ ಗೂಟ ಹೊಡೆದ. ಅದು ಗೇಟಿನಿಂದ ಮೂವತ್ತು ಹೆಜ್ಜೆಯಾಚೆಯೂ ಇರಲಿಲ್ಲ. ಅಕ್ಕ ಗೂಟದ ಪಕ್ಕ ಮೆಲ್ಲಗೆ ಕೂತು, ನೆಲದ ಮೇಲೆ ಕೈಯಿಟ್ಟರು. ಯಜಮಾನರು ಅವರ ಹಿಂದೆ ನಿಂತು, ಹಾಳೆಗಳು ಕಾಣೆಯಾದದ್ದು ಹೇಗೆ ಎಂಬುದನ್ನು ಒಂದೂ ಬಿಡದೆ ಹೇಳಿದರು. ಮನೆಯಲ್ಲಿ ಹೇಳುವ ಧೈರ್ಯ ಬಂದಿರಲಿಲ್ಲವೆಂದು ಕಾಣುತ್ತದೆ. ಅಕ್ಕ ತಿರುಗಿ ನೋಡಲಿಲ್ಲ.

“ಆ ವರ್ಷ ನೀನು ಸರಿಯಾಗಿ ಹೊಲಿದಿದ್ರೆ ನಂಗೆ ಬೇಜಾರಾಗ್ತಿತ್ತು ಕಣೋ,” ಎಂದರು.

ಕಚೇರಿಗಳಲ್ಲಿ ಇಂಥವರಿಗೆ ತಲೆನೋವು ಎಂದು ಹೆಸರು. ನಾನೂ ಹಾಗೆಯೇ ಕರೆದವನು. ಸರ್ಕಾರವನ್ನು ಪ್ರಶ್ನಿಸುವವರು ಈಗ ಬಹಳ ಮಂದಿ ಇದ್ದಾರೆ, ಇರಬೇಕು ಕೂಡ; ಅವರಲ್ಲಿ ಹೆಚ್ಚಿನವರಿಗೆ ಉತ್ತರ ಎಲ್ಲಿ ಸಿಗಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ದಾರದ ಯಜಮಾನರ ಬಗೆಯವರು ವಿರಳ. ಅವರು ಒಂದು ಸಾಲನ್ನು ಹುಡುಕಿ ಹೊರಟರೆ ಅದು ಯಾರ ಬಾಗಿಲಿಗೆ ಕರೆದೊಯ್ದರೂ ಹೋಗುತ್ತಾರೆ. ಅದು ತಮ್ಮದೇ ಬಾಗಿಲಾಗಿದ್ದರೆ ಅದನ್ನೂ ತಟ್ಟುತ್ತಾರೆ, ಒಳಗಿನಿಂದ ತಾವೇ ಬಂದು ತೆರೆಯುತ್ತಾರೆ, ಮತ್ತು ತಮಗೆ ಎದುರಾಗಿ ಸಾಕ್ಷಿ ಹೇಳುವ ಆ ಒಂದು ಹಾಳೆಯನ್ನು, ಮುಂದೆ ಯಾರೂ ದಯೆಯಿಂದಲಾದರೂ ಕಳಚಿ ಬಿಸಾಡದಂತೆ, ಉಳಿದವುಗಳಷ್ಟೇ ಬಿಗಿಯಾಗಿ ಹೊಲಿದಿಟ್ಟು ಹೋಗುತ್ತಾರೆ.